ಒಂದಗುಳಿನ ಪರೀಕ್ಷೆ

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಒಂದಗುಳು ಹಿಚುಕಿ ನೋಡಿದರೆ ಸಾಕು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅಡಿಗೆಮನೆಯ ಮಟ್ಟಿಗೆ ಈ ಮಾತು ಸತ್ಯವೇ. ಗಡಿಗೆ ಒಂದೇ, ನೀರು ಒಂದೇ, ಕೆಳಗಿನ ಉರಿಯೂ ಒಂದೇ. ಆದುದರಿಂದ ಒಂದಗುಳಿನ ಗತಿಯೇ ಉಳಿದ ಅಗುಳುಗಳ ಗತಿ. ಆದರೆ ಇದೇ ಪರೀಕ್ಷೆಯನ್ನು ಮನುಷ್ಯರಿಗೂ ಹಚ್ಚುವ ರೂಢಿ ನಮ್ಮಲ್ಲಿ ಬೇರೂರಿದೆ. ಒಂದು ದಿನ ಒಬ್ಬನು ನಗುತ್ತ ಮಾತನಾಡಿದರೆ ‘ದೇವರಂಥ ಮನುಷ್ಯ’ ಎನ್ನುತ್ತೇವೆ. ಇನ್ನೊಬ್ಬನು ಒಂದು ದಿನ ಸಿಡುಕಿದರೆ ‘ಸೊಕ್ಕಿನವ’ ಎನ್ನುತ್ತೇವೆ. ಈಚೆಗಂತೂ ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರ ನೋಡಿ, ಎಂದೂ ಕಾಣದ ಒಬ್ಬರ ಇಡೀ ಬಾಳಿನ ಬೆಲೆ ಕಟ್ಟಿಬಿಡುತ್ತೇವೆ. ಮನುಷ್ಯನ ದಿನಗಳು ಒಂದೇ ಗಡಿಗೆಯಲ್ಲಿ ಬೆಂದ ಅಗುಳುಗಳೇ? ಒಂದು ದಿನ ಹಬ್ಬದ ಉರಿ, ಇನ್ನೊಂದು ದಿನ ಸಾಲದ ಉರಿ, ಮತ್ತೊಂದು ದಿನ ಜಡ್ಡಿನ ಉರಿ. ಒಂದಗುಳು ಅಲ್ಲಿ ಏನನ್ನೂ ಹೇಳಲಾರದು. ಒಬ್ಬರ ಗುಣವನ್ನು ತಿಳಿಯಬೇಕಾದರೆ ಬಹುಕಾಲ ಸಾಗಿಬಂದ ಅವರ ನಡೆಯ ಸಾಲನ್ನು ನೋಡಬೇಕೆಂಬುದೇ ನನ್ನ ಈ ಲೇಖನದ ಅಭಿಪ್ರಾಯ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವಳಲ್ಲ, ಮನೆಯ ನಷ್ಟದಿಂದ ಕಲಿತವಳು. ತಿಕೋಟಾದ ಸಮೀಪ ನಮಗೆ ಮೂರೆಕರೆ ದ್ರಾಕ್ಷಿಯ ಪಡವಿದೆ. ತಂದೆಯವರು ಮೂರನೆಯ ಇಯತ್ತೆಯವರೆಗೆ ಓದಿದವರು. ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ಲೆಕ್ಕ ಬರೆಯಬಲ್ಲವಳು ನಾನೊಬ್ಬಳೇ. ದ್ರಾಕ್ಷಿಯ ಬೆಳೆಯೆಂದರೆ ಏನೆಂಬುದು ನಮ್ಮ ಕಡೆಯ ವಾಚಕರಿಗೆ ಗೊತ್ತು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿ ಕತ್ತರಿಸಬೇಕು. ಮೋಡ ಮುಸುಕಿದರೆ ಔಷಧ ಹೊಡೆಯಬೇಕು. ಬೋರು ಬತ್ತಿದರೆ ಸಾಲ ಮಾಡಿ ಟ್ಯಾಂಕರಿನ ನೀರು ತರಿಸಬೇಕು. ಕೊಯ್ದ ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹದಿನೈದಿಪ್ಪತ್ತು ದಿನ ಒಣಗಿಸಬೇಕು. ಇಷ್ಟೆಲ್ಲ ಆದ ಮೇಲೆ ಇಡೀ ವರುಷದ ದುಡಿಮೆಯು ಒಬ್ಬ ವ್ಯಾಪಾರಿಯ ಮಾತಿನ ಮೇಲೆ ನಿಲ್ಲುತ್ತದೆ. ರೈತನಿಗೆ ಮನುಷ್ಯರ ಗುಣಪರೀಕ್ಷೆಯು ವಿರಾಮದ ವಿಚಾರವಲ್ಲ. ಅದು ಅವನ ಹೊಟ್ಟೆಯ ವಿಚಾರ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಗೆ ಒಬ್ಬ ಒಣದ್ರಾಕ್ಷಿಯ ವ್ಯಾಪಾರಿ ಬಂದರು. ಎಷ್ಟು ಸವಿಯಾದ ಮಾತು! ಕುರ್ಚಿ ಹಾಕಿದರೆ ಬೇಡವೆಂದು ಕಂಬಳಿಯ ಮೇಲೆ ಕುಳಿತರು. ಅವ್ವನ ಕೈಯ ರೊಟ್ಟಿ, ಶೇಂಗಾ ಚಟ್ನಿಯನ್ನು ಕೇಳಿ ಹಾಕಿಸಿಕೊಂಡು ಉಂಡರು. ನನ್ನ ಓದಿನ ವಿಚಾರ ಕೇಳಿ ತಲೆ ನೇವರಿಸಿದರು. ಮಾಲು ಒಯ್ದ ಮೂರನೆಯ ದಿನವೇ ಪೂರ್ತಿ ಹಣ ತಂದುಕೊಟ್ಟರು. “ಮನಶ್ಯಾ ಅಂದ್ರ ಹಿಂಗಿರಬೇಕು ನೋಡು” ಎಂದು ತಂದೆಯವರು ಓಣಿಯ ತುಂಬ ಹೇಳಿಕೊಂಡು ಬಂದರು. ಎರಡನೆಯ ವರುಷ ಅರ್ಧ ಹಣ ಆಗಲೇ ಬಂದಿತು; ಉಳಿದ ಅರ್ಧ ಬಂದುದು ನಲವತ್ತೊಂದನೆಯ ದಿನಕ್ಕೆ. ಮೂರನೆಯ ವರುಷ ನಾಲ್ಕು ಕಂತುಗಳಲ್ಲಿ ಏಳು ತಿಂಗಳು ಹಿಡಿಯಿತು. ನಾಲ್ಕನೆಯ ವರುಷ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವೆನೆಂದೂ, ದೀಪಾವಳಿಗೆ ದರ ಏರಿದಾಗ ಮಾರಿ ಹೆಚ್ಚು ಹಣ ಕೊಡುವೆನೆಂದೂ ಹೇಳಿ ಒಯ್ದರು. ದೀಪಾವಳಿ ಬಂದಿತು, ಹೋಯಿತು, ಅವರು ಬರಲಿಲ್ಲ. ಫೋನಿಗೆ ಉತ್ತರವೂ ಬರಲಿಲ್ಲ. ಟ್ಯಾಂಕರಿನವನ ಬಾಕಿ ತೀರಿಸಲು ಅವ್ವನ ಪಾಟಲಿಗಳು ಅಡವಿಗೆ ಹೋದವು. ಅವು ಇನ್ನೂ ಮನೆಗೆ ಬಂದಿಲ್ಲ.

ಆ ದೀಪಾವಳಿಯಲ್ಲಿ ಬಾಬಲೇಶ್ವರದಿಂದ ನಮ್ಮ ತಾಯಿಯ ತಂದೆ ಬಂದಿದ್ದರು. ಅಜ್ಜ ಸಿಟ್ಟಾಗಲಿಲ್ಲ. ನನ್ನನ್ನು ಹತ್ತಿರ ಕೂಡಿಸಿಕೊಂಡು, “ಲೆಕ್ಕ ಬರದಿದ್ದಿಯಲ್ಲ ಯವ್ವಾ, ಅದನ್ನ ಓದು” ಎಂದರು. ನನ್ನ ಹಳೆಯ ನೋಟಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನೇ ಬರೆದ ಲೆಕ್ಕವಿತ್ತು. ಮೂರು ದಿನ, ನಲವತ್ತೊಂದು ದಿನ, ಏಳು ತಿಂಗಳು. ಓದುತ್ತ ಓದುತ್ತ ನನ್ನ ದನಿ ಇಳಿಯಿತು. “ಎತ್ತಿನ ಹಲ್ಲು ನೋಡಿದ್ರ ವಯಸ್ಸು ತಿಳೀತೈತಿ. ಮನಶ್ಯಾ ಹಲ್ಲು ಕಿಸದ್ರ ಏನ ತಿಳೀತೈತಿ?” ಎಂದರು ಅಜ್ಜ. ತಂದೆಯವರು ಆ ಮನುಷ್ಯನ ಮೊದಲ ವರುಷವನ್ನೇ ಕಣ್ಣಲ್ಲಿಟ್ಟುಕೊಂಡಿದ್ದರು. ಅವರದು ತಪ್ಪೆನ್ನಲಾರೆ, ಅವರ ಮುಂದೆ ಬರಹವಿರಲಿಲ್ಲ. ಬರಹವಿದ್ದುದು ನನ್ನ ಮುಂದೆ. ಮನೆಯಲ್ಲಿ ಅಕ್ಷರ ಬಲ್ಲ ಮೊದಲನೆಯವಳೆಂದು ಹೆಮ್ಮೆಪಡುತ್ತಿದ್ದ ನಾನು ಮೂರು ವರುಷ ಲೆಕ್ಕವನ್ನು ಬರೆದೆನೇ ಹೊರತು ಅದನ್ನು ಓದಲಿಲ್ಲ. ವಿದ್ಯೆ ಎಂದರೆ ಬರೆಯುವುದಷ್ಟೇ ಅಲ್ಲವೆಂಬುದು ನನಗೆ ಅಂದು ತಿಳಿಯಿತು.

ಮರುವರುಷ ತಂದೆಯವರು ಮನಸ್ಸಿಲ್ಲದ ಮನಸ್ಸಿನಿಂದ ಬಾಬಲೇಶ್ವರದ ಕಡೆಯ ಇನ್ನೊಬ್ಬ ವ್ಯಾಪಾರಿಯ ಬಳಿಗೆ ಹೋದರು. ಹಿಂದೊಮ್ಮೆ ನಾಲ್ಕು ಜನರ ಮುಂದೆ ನಮ್ಮ ಮಾಲನ್ನು ಹಳಿದಿದ್ದರೆಂದು ತಂದೆಯವರು ಅವರ ಹೆಸರನ್ನೂ ಎತ್ತುತ್ತಿರಲಿಲ್ಲ. ಅವರು ಈಗಲೂ ಹಳಿದರು. ಬಣ್ಣ ಸರಿಯಿಲ್ಲವೆಂದರು, ಕಸ ಹೆಚ್ಚೆಂದು ತೂಕದಲ್ಲಿ ಕಡಿದರು, ಚಹಾ ಕೂಡ ಕುಡಿಯಲಿಲ್ಲ. ಆದರೆ ಇಪ್ಪತ್ತನೆಯ ದಿನಕ್ಕೆ ಹಣ ಎಂದವರು ಇಪ್ಪತ್ತನೆಯ ದಿನಕ್ಕೇ ಕೊಟ್ಟರು. ಸುತ್ತಲಿನ ರೈತರನ್ನು ವಿಚಾರಿಸಿದಾಗ, ದರ ಬಿದ್ದ ವರುಷವೂ ಅವರು ಹೇಳಿದ ದಿನ ತಪ್ಪಿಸಿದವರಲ್ಲವೆಂದು ತಿಳಿಯಿತು. ಇಷ್ಟು ವರುಷ ನಾವು ಒಬ್ಬರ ಒಂದು ದಿನದ ಸಿಹಿಯನ್ನು ನಂಬಿ ಕೆಟ್ಟೆವು. ಇನ್ನೊಬ್ಬರ ಒಂದು ದಿನದ ಕಹಿಯನ್ನು ನೆನೆದು ದೂರವಿದ್ದೆವು.

ಇಷ್ಟರಿಂದ ಅವರು ಸರ್ವಗುಣಸಂಪನ್ನರೆಂದು ಹೇಳಹೊರಟರೆ ನಾನು ಮತ್ತೆ ಅದೇ ತಪ್ಪು ಮಾಡಿದಂತೆ. ನನ್ನ ತಾಯಿ ಎರಡು ಬೇಸಿಗೆ ಅವರ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಹೆಣ್ಣಾಳುಗಳು ನೀರು ಕುಡಿಯಲು ಎದ್ದರೂ ಅವರು ಗದರಿಸುತ್ತಿದ್ದರಂತೆ. ದಿನವೂ ಹಾಗೆಯೇ, ಅದೂ ಒಂದು ಸಾಲು. ರೈತರ ಲೆಕ್ಕದಲ್ಲಿ ಪ್ರಾಮಾಣಿಕರಾದವರು ಆಳುಗಳ ವಿಷಯದಲ್ಲಿ ನಿರ್ದಯರಾಗಿರಬಹುದು. ಆದ್ದರಿಂದ ಒಂದು ಸಾಲು ಯಾವುದನ್ನು ಹೇಳುತ್ತದೆಯೋ ಅಷ್ಟನ್ನೇ ನಂಬಬೇಕು. ಮತ್ತು ತಮಗೆ ಎದುರು ಮಾತನಾಡಲಾರದವರೊಡನೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆಂಬ ಸಾಲನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಪಂಡಿತರು ಈ ವಿಷಯದಲ್ಲಿ ಏನೆಂದಿದ್ದಾರೆ? ಒಳ್ಳೆಯ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ಒಳ್ಳೆಯವನಾಗುತ್ತಾನೆ, ಗುಣವೆಂಬುದು ಅಭ್ಯಾಸದ ಫಲ, ಎಂಬುದು ಗ್ರೀಸಿನ ಅರಿಸ್ಟಾಟಲನ ಮತ. ಇಪ್ಪತ್ತನೆಯ ಶತಮಾನದ ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದರು. ಅಮೆರಿಕದಲ್ಲಿ ಹಾರ್ಟ್‌ಷೋರ್ನ್ ಮತ್ತು ಮೇ ಎಂಬವರು ಸಾವಿರಾರು ಶಾಲಾಮಕ್ಕಳನ್ನು ಪರೀಕ್ಷಿಸಿ 1928ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಸಂದರ್ಭದಲ್ಲಿ ಮೋಸ ಮಾಡಿದ ಮಗು ಇನ್ನೊಂದು ಸಂದರ್ಭದಲ್ಲಿಯೂ ಮೋಸ ಮಾಡುವುದೆಂದು ಹೇಳಲು ಬರುವಂತಿರಲಿಲ್ಲ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಇನ್ನೂ ಸೋಜಿಗದ ಪ್ರಯೋಗವನ್ನು ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳು ಹೋಗುವ ದಾರಿಯಲ್ಲಿ ನರಳುತ್ತಿರುವ ಒಬ್ಬನನ್ನು ಕೂಡಿಸಿದ್ದರು. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಅವನ ಸಹಾಯಕ್ಕೆ ಬಂದರು. ತೀರ ಹೊತ್ತಾಗಿದೆಯೆಂದು ಹೇಳಿ ಕಳುಹಿಸಿದವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಅಂದರೆ ಒಂದು ದಿನದ ನಡೆಯಲ್ಲಿ ಕಾಣುವುದು ಅನೇಕ ವೇಳೆ ಆ ದಿನದ ಗಡಿಯಾರವೇ ಹೊರತು ಆ ಮನುಷ್ಯನ ಅಂತರಂಗವಲ್ಲ. ಹಾಗಾದರೆ ಗುಣವೆಂಬುದೇ ಇಲ್ಲವೇ? ಇದೆ. ಒಬ್ಬರ ಹಲವು ದಿನಗಳ ನಡೆಯನ್ನು ಒಟ್ಟುಗೂಡಿಸಿ ನೋಡಿದರೆ ಅದರಲ್ಲಿ ಸ್ಥಿರವಾದ ರೂಪ ಕಾಣಿಸುತ್ತದೆಂದು ಸೆಮೂರ್ ಎಪ್‌ಸ್ಟೀನ್ ಎಂಬ ಮನಃಶಾಸ್ತ್ರಜ್ಞರು 1979ರಲ್ಲಿ ತೋರಿಸಿಕೊಟ್ಟರು. ಅಜ್ಜ ನನ್ನ ನೋಟಬುಕ್ಕು ಓದಿಸಿದುದಕ್ಕೂ ಇದಕ್ಕೂ ಏನು ಭೇದ?

ದೂರದ ಉದಾಹರಣೆಗಳೇಕೆ? ನಮ್ಮ ನೆಲದಲ್ಲಿಯೇ ಬಾಳಿದ ಇಬ್ಬರು ಹಿರಿಯರನ್ನು ನೋಡೋಣ. ಫ. ಗು. ಹಳಕಟ್ಟಿಯವರು ಅಂದಿನ ವಿಜಾಪುರದಲ್ಲಿ ವಕೀಲರಾಗಿದ್ದವರು. ಊರೂರು ಅಲೆದು ವಚನಗಳ ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಇದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆ ಮಾರಿದುದು ಒಂದು ದಿನದ ಆವೇಶವೆಂದು ಯಾರಾದರೂ ಅಂದಿದ್ದರೆ, ಅಂದಿನ ಮಟ್ಟಿಗೆ ಅದಕ್ಕೆ ಉತ್ತರವಿರುತ್ತಿರಲಿಲ್ಲ. ಆವೇಶದಲ್ಲಿ ಮನೆ ಮಾರಿದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಉತ್ತರ ಬಂದುದು ಆ ಮೇಲಿನ ವರುಷಗಳಲ್ಲಿ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಬಡತನದಲ್ಲಿಯೇ ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಅದನ್ನು ನಡೆಸಿದರು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಬಂದಿತು; 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ಬಂದಿತು. ಅದರ ಮೊದಲೂ ಅದರ ಅನಂತರವೂ ಅದೇ ಕೆಲಸ. 1964ರಲ್ಲಿ ಅವರು ತೀರಿಕೊಂಡಾಗ ಮನೆ ಮಾರಿದ ಆ ಒಂದು ದಿನಕ್ಕೆ ಅವರ ಉಳಿದ ದಿನಗಳೆಲ್ಲ ಸಾಕ್ಷಿ ಹೇಳಿದ್ದವು.

ಇನ್ನೊಬ್ಬರು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು. ನಮ್ಮ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿಯೇ ಹುಟ್ಟಿದವರು. ಕಿಸೆಯಿಲ್ಲದ ಅವರ ಬಿಳಿಯ ಅಂಗಿಯನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಒಂದು ದಿನ ಕಿಸೆಯಿಲ್ಲದ ಅಂಗಿ ತೊಡುವುದು ಯಾರಿಗೂ ಸಾಧ್ಯ. ಅದು ಬರಿಯ ಉಡುಪು. ದಶಕಗಳ ಕಾಲ ತೊಟ್ಟು, ಆ ಕಾಲವೆಲ್ಲ ಕೈಯೊಡ್ಡದೆ ಬಾಳಿದರೆ ಅದು ಗುಣ. 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿದಾಗ ಅವರು ವಿನಯದಿಂದ ಬೇಡವೆಂದರು. ಹೊರಗಿನವರಿಗೆ ಅಚ್ಚರಿಯಾಗಿರಬಹುದು; ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಆಗಲಿಲ್ಲ. ‘ಕಿಸೆನ ಇಲ್ಲ, ಅದನ್ನ ತಗೊಂಡು ಎಲ್ಲಿ ಇಡತಾರ?’ ಎಂದು ಅವ್ವ ಅಂದಿದ್ದು ನನಗೆ ನೆನಪಿದೆ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ, ಸಾಗರದಂತೆ ಸೇರಿದ ಜನರ ನಡುವೆ ನಾನೂ ಅವ್ವನ ಕೈ ಹಿಡಿದು ನಿಂತಿದ್ದೆನು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಅಸ್ಥಿಯನ್ನು ನದಿಯಲ್ಲೋ ಸಾಗರದಲ್ಲೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರ ಗುರುಪೂರ್ಣಿಮೆಯಂದೇ ಅವರು ಬರೆದಿಟ್ಟಿದ್ದರು. ನಡೆಯ ಸಾಲು ಅಷ್ಟು ನೆಟ್ಟಗಿದ್ದಾಗ ಅದರ ಕೊನೆಯ ಬಿಂದು ಎಲ್ಲಿ ಬೀಳುವುದೆಂದು ನೋಡುವವರಿಗೆ ಮೊದಲೇ ತಿಳಿದಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. “ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿಲ್ಲವೇ? ನೀನು ಹೇಳುವುದೂ ಅದೇ ಅಲ್ಲವೇ?” ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಖಂಡಿತ ಅಲ್ಲ. ಒಬ್ಬರು ತಾವೇ ನಡೆದ ನಡೆ ಬೇರೆ; ಅವರ ಹುಟ್ಟು, ಕುಲ, ಮನೆತನಗಳ ಮೇಲೆ ನಾವು ಹೊರಿಸುವ ಮಾತು ಬೇರೆ. ಈ ಎರಡನ್ನೂ ಒಂದೆಂದು ತಿಳಿದುದರ ಫಲವನ್ನು ನಮ್ಮ ಊರೇ ಕಂಡಿದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದರು. 1911ರ ಕಾಯಿದೆಯಿಂದ ಅದು ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಅದರ ಪ್ರಕಾರ ಇಡಿಯ ಜಾತಿಗಳನ್ನೇ ಕಳ್ಳರೆಂದು ದಾಖಲೆ ಮಾಡಿ, ಹಾಜರಿ ಹಿಡಿದು, ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. ಹುಬ್ಬಳ್ಳಿ, ಗದಗಗಳಲ್ಲಿದ್ದಂತೆ ವಿಜಾಪುರದಲ್ಲಿಯೂ ಅಂಥದೊಂದು ಸೆಟ್ಲಮೆಂಟಿತ್ತು. ಅಲ್ಲಿ ಹುಟ್ಟಿದ ಕೂಸು ಯಾವ ಕಳವು ಮಾಡಿತ್ತು? ಅದರ ನಡೆಯ ಸಾಲಿನಲ್ಲಿ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಆದರೂ ತೀರ್ಪು ಬರೆದಾಗಿತ್ತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಆದರೆ ‘ಅವರ ಮಂದಿನ ಹಂಗ’ ಎಂಬ ಮಾತು ನಮ್ಮ ನಾಲಗೆಯಿಂದ ರದ್ದಾಗಿದೆಯೇ? ನಡೆಯನ್ನು ನೋಡಿ ಗುಣ ಹೇಳಬೇಕೆಂಬ ನಿಯಮವು ಈ ಅನ್ಯಾಯಕ್ಕೆ ಮದ್ದೇ ಹೊರತು ಅದರ ಜೊತೆಗಾರನಲ್ಲ.

ಸಾಲು ನೋಡುವವರು ಮಾಡಬಹುದಾದ ಇನ್ನೊಂದು ತಪ್ಪೂ ಇದೆ. ನಮ್ಮ ಓಣಿಯ ಹಿರಿಯರೊಬ್ಬರು ಒಂದು ಕಾಲಕ್ಕೆ ಬಹಳ ಕುಡಿಯುತ್ತಿದ್ದರು. ಬಿಟ್ಟು ಐದು ವರುಷಗಳಾದವು. ಈ ಐದು ವರುಷ ಒಂದು ದಿನವೂ ಅವರು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಆದರೂ ಅವರ ಹೆಸರಿನ ಹಿಂದೆ ‘ಕುಡುಕ’ ಎಂಬ ಶಬ್ದ ಅಂಟಿಕೊಂಡೇ ಇದೆ. ಸಹಕಾರಿ ಸಂಘದಲ್ಲಿ ಅವರಿಗೆ ಜಾಮೀನು ನಿಲ್ಲುವವರಿಲ್ಲ. ಹಳೆಯ ಸಾಲನ್ನು ಓದಿದವರು ಹೊಸ ಸಾಲನ್ನೂ ಓದಬೇಕಲ್ಲವೇ? ಅವರು ಒಂದು ದಿನ ಕುಡಿಯದಿದ್ದಾಗ ನಂಬಬೇಕೆಂದು ನಾನು ಹೇಳುವುದಿಲ್ಲ. ಐದು ವರುಷ ಕುಡಿಯದಿದ್ದವರನ್ನು ನಂಬದಿರುವುದು ಎಚ್ಚರಿಕೆಯಲ್ಲ, ಸೋಮಾರಿತನ. ಲೆಕ್ಕದ ಪುಸ್ತಕದಲ್ಲಿ ಮುಂದಿನ ಹಾಳೆ ಯಾವಾಗಲೂ ಖಾಲಿ ಇರುತ್ತದೆ. ಅದನ್ನು ಹರಿಯುವ ಅಧಿಕಾರ ನಮಗಿಲ್ಲ.

ಒಂದಗುಳಿನ ಪರೀಕ್ಷೆ ಅತ್ಯಂತ ಕ್ರೂರವಾಗಿ ನಡೆಯುವ ಸ್ಥಳವೆಂದರೆ ಹೆಣ್ಣು ನೋಡುವ ಶಾಸ್ತ್ರ. ಒಂದು ತಾಟು ಅವಲಕ್ಕಿ, ಒಂದು ಕಪ್ಪು ಚಹಾ, ಅರ್ಧ ಗಂಟೆ. ಅಷ್ಟರಲ್ಲಿ ಎರಡು ಬಾಳುವೆಗಳ ತೀರ್ಮಾನ! ಹುಡುಗಿ ತಲೆ ತಗ್ಗಿಸಿದರೆ ಗುಣವಂತೆ, ಹುಡುಗನು ಹಿರಿಯರ ಕಾಲಿಗೆ ಬಿದ್ದರೆ ಸಂಸ್ಕಾರವಂತ. ಅಂತಿಮ ವರ್ಷದಲ್ಲಿರುವ ನನ್ನ ಮನೆಗೂ ಇಂಥ ಮಾತುಗಳು ಬರತೊಡಗಿವೆ. ಕಳೆದ ಶ್ರಾವಣದಲ್ಲಿ ಒಂದು ಸಂಬಂಧ ಬಂದಾಗ ತಂದೆಯವರು ಒಂದು ಹೊಸ ಕೆಲಸ ಮಾಡಿದರು. ಹುಡುಗನ ಮನೆಗೆ ಹೋಗುವ ಮುನ್ನ ಅವರ ಹೊಲದಲ್ಲಿ ದುಡಿಯುವ ಆಳುಗಳನ್ನು ಸಂತೆಯಲ್ಲಿ ಮಾತನಾಡಿಸಿದರು. “ಕೂಲಿ ಯಾವಾಗ ಕೊಡತಾರ?” ಇದೊಂದೇ ಪ್ರಶ್ನೆ. “ಕೇಳಿದಾಗ ಕೊಡತಾರ್ರಿ, ಆದ್ರ ನಾಕ ಸಲ ಕೇಳಬೇಕು” ಎಂದರಂತೆ. ಆ ಮನೆಯವರು ಬಂದು ನನ್ನನ್ನು ನೋಡುವ ಪ್ರಸಂಗವೇ ಒದಗಲಿಲ್ಲ. ಮೂರನೆಯ ಇಯತ್ತೆಯವರೆಗೆ ಓದಿದ ನನ್ನ ತಂದೆ ತಮ್ಮ ನಷ್ಟದಿಂದ ಕಲಿತುದನ್ನು ನನ್ನ ಬಾಳಿಗೆ ಉಪಯೋಗಿಸಿದರು. ಅವರಿಗೆ ನಾನು ಋಣಿ.

ಆದರೆ ನ್ಯಾಯವೆಂದರೆ ಎರಡೂ ಕಡೆಗೆ ಒಂದೇ ಅಳತೆ. ಬೇರೆಯವರ ಲೆಕ್ಕ ತೆಗೆಯುವ ನಾನು ನನ್ನ ಲೆಕ್ಕವನ್ನೂ ತೆಗೆಯಬೇಕು. ದಿನವೂ ತಿಕೋಟಾದ ಬಸ್ಸಿನಲ್ಲಿ ಮುದುಕಿಯೊಬ್ಬಳು ನಿಂತಿದ್ದಾಗ ನಾನು ಎಷ್ಟು ಸಲ ಎದ್ದಿದ್ದೇನೆ, ಎಷ್ಟು ಸಲ ಕಿಟಕಿಯ ಹೊರಗೆ ನೋಡಿದ್ದೇನೆ? ಗ್ರಂಥಾಲಯದ ಪುಸ್ತಕವನ್ನು ಹೇಳಿದ ದಿನಕ್ಕೆ ಮರಳಿಸಿದ್ದೇನೆಯೇ? ಗೆಳತಿಯ ಹಿಂದೆ ಅವಳ ವಿಷಯ ಬಂದಾಗ ಏನು ಮಾತನಾಡಿದ್ದೇನೆ? ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಾವೆಲ್ಲರೂ ಒಳ್ಳೆಯವರೇ. ವೇದಿಕೆಯ ದಿನ ವರುಷಕ್ಕೊಂದು. ಉಳಿದ ದಿನಗಳು ನಮ್ಮ ನಿಜವಾದ ಅಂಕಪಟ್ಟಿ.

ಗುರುಗಳೇ, ಸಹಪಾಠಿಗಳೇ, ಈ ಕಾಲೇಜಿನಲ್ಲಿ ನಾವು ಮೂರು ವರುಷ ಒಬ್ಬರನ್ನೊಬ್ಬರು ನೋಡಿದ್ದೇವೆ. ಯಾರದೋ ಒಂದು ದಿನದ ಸಿಟ್ಟನ್ನೋ, ಒಂದು ದಿನದ ಮರೆವನ್ನೋ ಮನಸ್ಸಿನಲ್ಲಿಟ್ಟುಕೊಂಡು ಅವರೊಡನೆ ಮಾತು ಬಿಟ್ಟವರು ನಮ್ಮಲ್ಲಿದ್ದರೆ, ಬೀಳ್ಕೊಡುವ ಮುನ್ನ ಅವರ ಉಳಿದ ದಿನಗಳನ್ನೂ ಒಮ್ಮೆ ಎಣಿಸಿ ನೋಡಲಿ ಎಂದು ನನ್ನ ಬಿನ್ನಹ. ನನ್ನ ಹಳೆಯ ನೋಟಬುಕ್ಕನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅವ್ವನ ಪಾಟಲಿಗಳನ್ನು ಬಿಡಿಸಿ ತರುವ ದಿನ ಅದರಲ್ಲಿ ಇನ್ನೊಂದು ತಾರೀಖು ಬರೆಯುವುದಿದೆ.